ಎಡಗಾಲಿನ ಗೊರಿಲ್ಲಾ

ನಮ್ಮ ಯಜಮಾನರು ಎಷ್ಟೋ ಸಿನಿಮಾಗಳಲ್ಲಿ ಪಾರ್ಟು ಮಾಡಿದ್ದಾರೆ. ಒಂದರಲ್ಲೂ ಮುಖ ಕಾಣುವುದಿಲ್ಲ. ಅವರು ಗೊರಿಲ್ಲಾ.

ಅವರ ಅಣ್ಣ, ಅಂದರೆ ನನ್ನ ಭಾವ, ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ತಮ್ಮ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಬಟ್ಟೆ ಲೈನಿನಲ್ಲಿದ್ದಾನೆ ಎನ್ನುತ್ತಿದ್ದರು. ಸುಳ್ಳೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಇವರು ಆ ಬಟ್ಟೆಯೊಳಗೇ ಇರುತ್ತಿದ್ದರು.

ಒಳಗೆ ಗೋಣಿ, ಮೇಲೆ ಗೊಂಬೆಗೆ ಅಂಟಿಸುವ ಕಪ್ಪು ಕೂದಲು, ಎದೆಗೂ ಭುಜಕ್ಕೂ ಹಳೇ ಹಾಸಿಗೆಯ ಹತ್ತಿ. ಜಿಪ್ಪು ಬೆನ್ನಿನ ಮೇಲೆ. ಜಿಪ್ಪು ಕಾಣಬಾರದು ಎಂದು ಇವರು ಕ್ಯಾಮೆರಾಕ್ಕೆ ಬೆನ್ನು ತೋರಿಸುವಂತಿರಲಿಲ್ಲ. ಓಡಿಹೋಗಬೇಕಾದಾಗಲೂ ಹಿಂದುಹಿಂದಕ್ಕೇ ನಡೆದು ಹೋಗುತ್ತಿದ್ದರು. ಕೊನೆಯವರೆಗೂ ಶತ್ರುವಿಗೆ ಬೆನ್ನು ತೋರಿಸದ ಮೃಗ ಎಂದು ಒಂದು ಪೇಪರಿನಲ್ಲಿ ಹೊಗಳಿ ಬರೆದಿದ್ದರು. ಇವರು ಆ ಸಿನಿಮಾದಲ್ಲಿ ಎರಡು ಸಲ ಕುರ್ಚಿಗೆ ತಗುಲಿ ಬಿದ್ದಿದ್ದರು.

ವೇಷ ಒಗೆಯುವುದು, ಹರಿದರೆ ಹೊಲಿಯುವುದು ನನ್ನ ಕೆಲಸ. ತಾರಸಿಯಲ್ಲಿ ಒಣಹಾಕಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮೊದಮೊದಲು ಹೆದರಿ, ಆಮೇಲೆ ವಾಸನೆಗೆ.

ಆಗಿನ ಕಾಲ ಹಾಗಿತ್ತು. ಪ್ರೊಡ್ಯೂಸರ್ ಮೊದಲು ಪಾತ್ರೆ ಅಂಗಡಿ ಇಟ್ಟಿದ್ದವರು. ತಂದ ಸಾಮಾನು ಮೂಲೆಯಲ್ಲಿ ಬಿದ್ದಿರುವುದು ಅವರ ಕಣ್ಣಿಗೆ ಆಗದು. ವೇಷ ಹೊಲಿಸಿದ್ದಾಗಿದೆ, ಇನ್ನು ಎಲ್ಲ ಕಥೆಗೂ ಗೊರಿಲ್ಲಾ. ಕಳ್ಳಸಾಗಣೆ ಸಿನಿಮಾದಲ್ಲಿ ಗೊರಿಲ್ಲಾ, ದೆವ್ವದ ಸಿನಿಮಾದಲ್ಲಿ ಗೊರಿಲ್ಲಾ. ಅತ್ತೆ ಸೊಸೆ ಜಗಳದ ಸಿನಿಮಾದಲ್ಲೂ ಸೊಸೆಯನ್ನು ತವರಿಗೆ ಹೊತ್ತು ತಂದು ಬಿಟ್ಟದ್ದು ಇವರೇ. ಅದೇ ಬಂಗಲೆ, ಅದೇ ಮೆಟ್ಟಿಲು, ಲೈಟಿಗೆ ನೀಲಿ ಕಾಗದ ಕಟ್ಟಿದರೆ ರಾತ್ರಿ. ಜನ ಕಿಕ್ಕಿರಿದು ಬರುತ್ತಿದ್ದರು. ನಿಜವಾದ ಗೊರಿಲ್ಲಾವನ್ನು ಯಾರೂ ನೋಡಿರಲಿಲ್ಲ, ಅದಕ್ಕೆ ತಕರಾರೂ ಇರಲಿಲ್ಲ.

ಇವರು ಮೊದಲು ಲೈಟು ಹಿಡಿಯುವ ಕೆಲಸದಲ್ಲಿದ್ದರು. ಏಣಿಯಿಂದ ಬಿದ್ದು ಎಡ ಮಂಡಿ ಹೋಯಿತು. ಅಂದಿನಿಂದ ಎಡಗಾಲನ್ನು ಹೊರಗೆ ಬೀಸಿ ಹಾಕುತ್ತಿದ್ದರು, ಹರಿದ ಚಪ್ಪಲಿಯನ್ನು ಒದ್ದು ಬಿಸಾಡುವ ಹಾಗೆ. ಡೈರೆಕ್ಟರು ಅದನ್ನೇ ಗೊರಿಲ್ಲಾ ನಡಿಗೆ ಎಂದು ತಿಳಿದರು. ಆ ನಡಿಗೆಗೇ ಕೆಲಸ ಸಿಕ್ಕಿತು. ಮನೆಗೆ ಬಂದರೂ ಅದೇ ನಡಿಗೆ. ಮೆಟ್ಟಿಲ ಮೇಲೆ ಆ ಸದ್ದು ಕೇಳಿದ ಮೇಲೆಯೇ ನಾನು ಅನ್ನಕ್ಕೆ ಇಡುತ್ತಿದ್ದದ್ದು.

ಈ ವರ್ಷ ಹೋಗಿಬಿಟ್ಟರು. ಊಟಕ್ಕೆ ಕುಳಿತವರು ನೀರು ಕೇಳಿದರು. ತರುವಷ್ಟರಲ್ಲಿ ಇಲ್ಲ.

ಫೋಟೋ ಇದೆ. ಫೋಟೋ ನಡೆಯುವುದಿಲ್ಲ. ಒಂದು ಸಲ ಅವರು ನಡೆಯುವುದನ್ನು ನೋಡಬೇಕು ಎನ್ನುವುದೊಂದೇ ನನಗಿದ್ದದ್ದು. ರೀಲುಗಳೆಲ್ಲ ಎಂದೋ ಗುಜರಿಗೆ ಹೋಗಿದ್ದವು. ಒಂದು ಸಿನಿಮಾ ಮಾತ್ರ ಅಳಿಯನಿಗೆ ಫೋನಿನಲ್ಲಿ ಸಿಕ್ಕಿತು.

ಅಳಿಯನಿಗೆ ಈ ಹಳೇ ಕಳಪೆ ಸಿನಿಮಾ ಎಂದರೆ ಜೀವ. "ಅತ್ತೆ, ಇವು ಎಷ್ಟು ಕೆಟ್ಟದಾಗಿವೆ ಅಂದ್ರೆ, ಅದಕ್ಕೇ ಚೆನ್ನಾಗಿವೆ" ಎನ್ನುತ್ತಾನೆ. ನಾನು ಅನ್ನ ಸೀಯಿಸಿದಾಗ ಹಾಗೆ ಹೇಳಿದ್ದಿಲ್ಲ. ಆದರೂ ಇವರನ್ನು ಕೂರಿಸಿಕೊಂಡು ಆ ಕಾಲದ್ದೆಲ್ಲ ಕೇಳಿದವನು ಅವನೊಬ್ಬನೇ.

ಭಾನುವಾರ ಮಧ್ಯಾಹ್ನ ಅದನ್ನು ಟೀವಿಗೆ ಹಾಕಿದ. ವಿಷಯ ತಿಳಿದು ಭಾವ, ಅವರ ಹೆಂಡತಿ ಬಂದು ಮುಂದಿನ ಕುರ್ಚಿಗಳಲ್ಲಿ ಕುಳಿತರು. ಗೊರಿಲ್ಲಾ ಬಂದದ್ದೇ ತಡ, ನನ್ನ ಓರಗಿತ್ತಿ ಸೆರಗು ಬಾಯಿಗಿಟ್ಟುಕೊಂಡರು. ನಮ್ಮ ಮೈದುನನ ಭುಜ ಅಂದರೆ ಅದೇ ಭುಜ ಎಂದು ಅತ್ತರು. ಅದು ಹತ್ತಿ. ವಾಸನೆ ಅಂಟುತ್ತದೆ ಎಂದು ತಮ್ಮ ಸೋಫಾದ ಮೇಲೆ ಇವರನ್ನು ಒಂದು ದಿನವೂ ಕೂರಿಸಿದವರಲ್ಲ. ಭಾವ ಕನ್ನಡಕ ತೆಗೆದು ಒರೆಸಿ, ಅವನಲ್ಲಿ ಪ್ರತಿಭೆ ಇದ್ದದ್ದನ್ನು ಮೊದಲು ಗುರುತಿಸಿದ್ದೇ ತಾವು ಎಂದರು.

ನಾನು ಕಾಲು ನೋಡಿದೆ. ಗೊರಿಲ್ಲಾ ಬೀಸಿ ಹಾಕುತ್ತಿದ್ದದ್ದು ಬಲಗಾಲು.

ಒಂದು ವರ್ಷ ಇವರಿಗೆ ಕಾಮಾಲೆ ಆಗಿತ್ತು. ಆಗ ವೇಷ ಹಾಕಿದವನು ಲೈಟಿನ ಕೆಲಸದವನು. ಅವನನ್ನು ಬಲ್ಬು ಎಂದೇ ಎಲ್ಲರೂ ಕರೆಯುತ್ತಿದ್ದರು. ನಡಿಗೆ ಹಾಗೇ ಇರಬೇಕೆಂದು ಡೈರೆಕ್ಟರು ಹೇಳಿದರಂತೆ. ಅವನು ಇವರ ಎದುರಿಗೆ ನಿಂತು, ಕನ್ನಡಿ ನೋಡಿಕೊಂಡವರ ಹಾಗೆ ಕಲಿತ. ಕಾಲು ಅದಲುಬದಲಾಯಿತು.

"ಭಾವ, ಇವನು ಬಲ್ಬು" ಎಂದೆ.

ಅವರು ತಲೆಯೆತ್ತಿ ಸೀಲಿಂಗಿನ ಕಡೆ ನೋಡಿದರು. ವಿವರಿಸಿ ಹೇಳಿದೆ.

"ಸುಮ್ನಿರಮ್ಮ, ದುಃಖದಲ್ಲಿದೀಯ. ಒಡಹುಟ್ಟಿದ ತಮ್ಮನ್ನ ನನಗೆ ಗುರುತು ಸಿಗಲ್ವಾ?"

ಓರಗಿತ್ತಿ ಬಲ್ಬಿಗಾಗಿ ಅಳುವುದನ್ನು ಮುಂದುವರಿಸಿದರು. ಇಂಟರ್ವಲ್ ಕಳೆಯಿತು, ಬಲಗಾಲು. ಬಾವಿಕಟ್ಟೆಯ ಹತ್ತಿರ ಬಲಗಾಲು. ನಾಯಕಿಯನ್ನು ಹೊತ್ತಾಗಲೂ ಬಲಗಾಲು. ಸಿಕ್ಕಿದ್ದು ಇದೊಂದೇ ಸಿನಿಮಾ, ಅದೂ ಇನ್ನೊಬ್ಬನದ್ದು. ಎದ್ದು ಅಡುಗೆಮನೆಗೆ ಹೋಗೋಣ ಎನಿಸಿತು.

ಆಗ ನೆನಪಾಯಿತು. ಆ ವರ್ಷ ಒಂದು ಸಿನಿಮಾದ ಕೊನೇ ಸೀನಿಗೆ ಮೆಟ್ಟಿಲಿನಿಂದ ಉರುಳಲು ಬಲ್ಬು ಒಪ್ಪಲಿಲ್ಲ, ಸೊಂಟ ಮುರಿದರೆ ಯಾರು ದಿಕ್ಕು ಎಂದ. ಪ್ರೊಡ್ಯೂಸರ್ ಕಾರು ಕಳಿಸಿ ಇವರನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋದರು. ನಾನು ಬಾಗಿಲಿಗೆ ಅಡ್ಡ ನಿಂತು ಜಗಳವಾಡಿದ್ದೆ. ಅದು ಯಾವ ಸಿನಿಮಾ ಎಂದು ಕೇಳಿಟ್ಟುಕೊಂಡಿರಲಿಲ್ಲ.

ಟೀವಿಯಲ್ಲಿ ಬಂಗಲೆಯ ಬಾಗಿಲು ತೆರೆಯಿತು. ಗೊರಿಲ್ಲಾ ಒಳಗೆ ಬಂತು. ಹರಿದ ಚಪ್ಪಲಿ ಒದ್ದ ಹಾಗೆ ಎಡಗಾಲು ಬೀಸಿತು. ಇನ್ನೊಂದು ಹೆಜ್ಜೆ. ಮತ್ತೆ ಎಡಗಾಲು. ಮಗಳು ನನ್ನ ಮುಖ ನೋಡಿದಳು.

"ಅಪ್ಪನಾ?"

ತಲೆಯಾಡಿಸಿದೆ. ಓರಗಿತ್ತಿ ಅಳು ಮುಗಿಸಿ ಹೊತ್ತಾಗಿತ್ತು, ತಟ್ಟೆಯಲ್ಲಿದ್ದ ಬಿಸ್ಕತ್ತು ತಿನ್ನುತ್ತಿದ್ದರು.

ಇವರು ಮೆಟ್ಟಿಲು ಹತ್ತಿದರು. ಕಾಮಾಲೆ ಮೈಯಲ್ಲಿ, ಗೋಣಿಯೊಳಗೆ. ಮೇಲಿನ ಮೆಟ್ಟಿಲಲ್ಲಿ ನಿಂತರು. ಹೀರೋ ಕೋವಿ ಎತ್ತಿದ.

"ನಿಲ್ಸಪ್ಪ" ಎಂದೆ.

ಅಳಿಯ ನಿಲ್ಲಿಸಿದ. "ಅತ್ತೆ, ಮಜಾ ಇರೋದೇ ಇಲ್ಲಿ. ಮಾವ ಸಾಯೋದಕ್ಕೆ ತುಂಬಾ ಹೊತ್ತು ತಗೋತಾರೆ."

"ಇಲ್ಲಪ್ಪ. ಬೇಗ ಹೋಗ್ಬಿಟ್ರು."

ಅವನು ತಲೆ ತಗ್ಗಿಸಿದ. ಬಾಗಿಲಿಂದ ಮತ್ತೆ ಬರಲಿ ಎಂದೆ. ಹಿಂದಕ್ಕೆ ತಿರುಗಿಸಿದ. ಇವರು ಹಿಂದುಹಿಂದಕ್ಕೆ ಮೆಟ್ಟಿಲಿಳಿದು ಬಾಗಿಲಾಚೆ ಹೋದರು, ಅದು ಅಭ್ಯಾಸವಿದ್ದದ್ದೇ. ಮತ್ತೆ ಬಾಗಿಲು ತೆರೆದು ಬಂದರು. ಕೋವಿ ಎತ್ತಿದ ಕೂಡಲೇ ನಿಲ್ಲಿಸುವುದು, ಮತ್ತೆ ಬಾಗಿಲಿಂದ. ಎಷ್ಟು ಸಲವೋ ಗೊತ್ತಿಲ್ಲ.

ಕೊನೆಗೆ ಭಾವ ಕುರ್ಚಿಯಲ್ಲಿ ಹೊರಳಿ, ಕಥೆ ಹೇಗೆ ಮುಗಿಯಿತು ಎಂದು ತಿಳಿಯಬೇಡವೇ ಎಂದರು. ತಿಳಿಯಬೇಕಾದವರು ಮನೆಗೆ ಹೋಗಿ ಫೋನಿನಲ್ಲಿ ನೋಡಿಕೊಳ್ಳಲಿ ಎಂದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅನ್ನಕ್ಕೆ ಇಡಬೇಕು ಎನಿಸಿತು.