ಬಿಸಿಲಿಗೆ ಕಪ್ಪಾಗುವ ಬೆರಳು

ಲಾಡ್ಲೆಸಾಬರ ಕಪ್ಪು ಬೆರಳು ಕಂಡು, ಕದ್ದು ತಲೆಗೆ ಬಣ್ಣ ಹಚ್ಚಿಕೊಳ್ಳುವ ಶೋಕೀಲಾಲರೆಂದು ನಾನು ತಿಳಿದಿದ್ದೆ. ಅವರು ನಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್. ಹುಡುಗರ ಫ್ಲಾಸ್ಕಿನ ನೀರು ಗುಲಾಬಿಗೆ ತಿರುಗುವ ಗಳಿಗೆಗೆ ಸರಿಯಾಗಿ, “ಬಸ್ ಮಾಡ್ರೋ, ಇನ್ನೊಂದ್ ಹನಿ ಬಿದ್ದರ ಖರಾಬ್ ಆಗ್ತದ” ಎಂದು ಹಿಂದಿನಿಂದ ಎಚ್ಚರಿಸುವವರು ಅವರು. ಕಲಿಸಿದೆವೆಂದು ಬೀಗುವವರು ನಾವು ಲೆಕ್ಚರರು. ಅವರು ಬಾಟಲಿಗೆ ತುಂಬುವ ಬೆಳ್ಳಿಯ ದ್ರಾವಣ, ಸಿಲ್ವರ್ ನೈಟ್ರೇಟ್, ನೀರಿನಂತೆಯೇ ಇರುತ್ತದೆ. ಬೆರಳಿಗೆ ತಾಗಿದ್ದು ನಮ್ಮೂರು ಸೇಡಂನ ಬಿಸಿಲು ಕಂಡೊಡನೆ ಕರ್ರಗಾಗುತ್ತದೆ. ಅವರ ಮಗಳು ಗುಲ್ಶನ್‌ಳನ್ನು ನೋಡಲು ಬಂದ ಚಿತ್ತಾಪುರದ ಮಂದಿ, ಆ ಕೈ ನೀಡಿದ ಚಹಾ ಮುಟ್ಟದೆ, ಮನೆತನದಲ್ಲೇ ಚರ್ಮರೋಗವಿದೆಯೆಂದು ಎದ್ದುಹೋದರು. ಮರುದಿನ ಲ್ಯಾಬಿನಲ್ಲಿ ನಾನು ಹಿರಿಯನಂತೆ ಕೇಳಿದೆ: “ಗ್ಲೌಸ್ ಯಾಕ ಹಾಕ್ಕೊಳ್ಳಂಗಿಲ್ರಿ ಸಾಬ್ರೇ?” ಅವರು ತಲೆ ಎತ್ತಲಿಲ್ಲ. “ಇರೋದು ಒಂದೇ ಜೋಡಿ ಸರ್. ನಿಮ್ಮ ಕೈಯಾಗ ಅದಾವಲ್ರಿ.”