ಚುಕ್ಕಿಮಾವನ ಇಪ್ಪತ್ತನಾಲ್ಕು ಹೇಂಟೆಗಳು

ನಮ್ಮ ಸೋದರಮಾವನ ಕಸುಬು ಹೊಲಿಗೆ ಮೆಷಿನ್ ರಿಪೇರಿ. ಅದರಲ್ಲಿ ಅವನು ಅಷ್ಟಕ್ಕಷ್ಟೇ. ಬಿಚ್ಚಿದ ಮೆಷಿನ್ ಮತ್ತೆ ಜೋಡಿಸುವಾಗ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತಿದ್ದವು. ಕೇಳಿದರೆ, ಕಂಪನಿಯವರು ಸುಮ್ಮನೆ ಹೆಚ್ಚಿಗೆ ಹಾಕಿದ್ದಾರೆ ಅನ್ನುತ್ತಿದ್ದ. ಆದರೆ ಕೋಳಿಮರಿಯ ವಿಷಯಕ್ಕೆ ಬಂದರೆ ಅವನ ಮಾತಿಗೆ ಎರಡಿಲ್ಲ. ನಿನ್ನೆ ಹುಟ್ಟಿದ ಮರಿಯನ್ನು ಅಂಗೈ ಮೇಲಿಟ್ಟುಕೊಂಡು, ಇದು ಹುಂಜ, ಇದು ಹೇಂಟೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆಯೂ ತಪ್ಪಿರಲಿಲ್ಲ. ಬೀದಿಯವರೆಲ್ಲ ಅವನನ್ನು ಚುಕ್ಕಿಮಾವ ಎನ್ನುತ್ತಿದ್ದರು.

ಗುಟ್ಟು ಇಷ್ಟೇ. ಅವನ ಹತ್ತಿರ ಕಾಳಗದ ಜಾತಿಯ ಕೆಂಪು ಹುಂಜವೊಂದಿತ್ತು. ಅದನ್ನು ಒಂದು ದಿನವೂ ಕಾಳಗಕ್ಕೆ ಬಿಟ್ಟವನಲ್ಲ. ಅದರ ಗಟ್ಟಿತನ ಬೇಕಿತ್ತು, ಅಷ್ಟೆ. ಮೈತುಂಬ ಬೂದುಪಟ್ಟೆಯ ಮೊಟ್ಟೆಕೋಳಿಗಳ ಜೊತೆ ಅದನ್ನು ಬಿಟ್ಟರೆ ಹುಟ್ಟುವ ಮರಿಗಳೆಲ್ಲ ಕಪ್ಪು. ನೆತ್ತಿಯ ಮೇಲೆ ಬಿಳಿ ಚುಕ್ಕಿ ಇದ್ದದ್ದು ಹುಂಜ, ಇಲ್ಲದ್ದು ಹೇಂಟೆ. ಅಪ್ಪನ ಗಟ್ಟಿ ಮೈ, ಅಮ್ಮನ ಹಾಗೆ ದಿನಾ ಮೊಟ್ಟೆ ಅನ್ನುವುದು ಅವನ ಲೆಕ್ಕ.

ನನ್ನ ಅಮ್ಮ, ಅಂದರೆ ಅವನ ಅಕ್ಕ, ಬೇಕರಿಗೆ ಮೊಟ್ಟೆ ಕೊಟ್ಟು ನಮ್ಮನ್ನು ಸಾಕುತ್ತಿದ್ದಳು. ಅವಳ ಕೋಳಿಗಳಿಗೆ ವಯಸ್ಸಾಗಿತ್ತು. ಅದೇ ವರ್ಷ ಮಾವನ ಕೆಂಪು ಹುಂಜ ಸತ್ತಿತು. ಚುಕ್ಕಿ ಹೊತ್ತು ಹುಟ್ಟಿದ ಅದರ ಮಗನೊಬ್ಬ ನಿಲುವಿನಲ್ಲಿ ಅಪ್ಪನ ಪಡಿಯಚ್ಚು. ಮಾವ ಅವನನ್ನೇ ಅವನ ಒಡಹುಟ್ಟಿದ ಹೇಂಟೆಗಳ ಜೊತೆ ಬಿಟ್ಟು ಮರಿ ಮಾಡಿಸಿದ. ಚುಕ್ಕಿ ಇಲ್ಲದ ಮರಿಗಳನ್ನು ಆರಿಸಿ ಬುಟ್ಟಿಯಲ್ಲಿ ತಂದಿಟ್ಟ.

"ಇಪ್ಪತ್ನಾಲ್ಕೂ ಹೇಂಟೆ ಅಕ್ಕ. ಕಣ್ಮುಚ್ಚಿಕೊಂಡು ಸಾಕು."

ಅಮ್ಮ ಹಾಗೆಯೇ ಮಾಡಿದಳು. ಜಾಗ ಸಾಲದೆಂದು ಹಳೆಯ ಕೋಳಿಗಳನ್ನೆಲ್ಲ ಮಾಂಸದಂಗಡಿಗೆ ಕಳಿಸಿದಳು. ಆರು ತಿಂಗಳು ತಾಳಿಕೊಳ್ಳಿ ಎಂದು ಬೇಕರಿಯವನನ್ನು ಒಪ್ಪಿಸಿ, ಅಲ್ಲಿಯವರೆಗೆ ಅವನ ಅಂಗಡಿಯಲ್ಲೇ ಟ್ರೇ ಉಜ್ಜಲು ನಿಂತಳು.

ಎರಡನೆಯ ತಿಂಗಳಲ್ಲಿ ಒಂದು ಮರಿಯ ಜುಟ್ಟು ಕೆಂಪಾಯಿತು. ಎಲ್ಲೋ ಒಂದು ಹುಂಜ ಕಣ್ತಪ್ಪಿ ಬಂದಿದೆ ಎಂದ ಮಾವ. ಮರುವಾರ ಇನ್ನೂ ಮೂರು. ಆಮೇಲೆ ಅವನು ದಿನವೂ ಕೆಲಸ ಬಿಟ್ಟು ಬಂದು, ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಕತ್ತು ಸವರಿ ನೋಡತೊಡಗಿದ. ಹುಂಜದ ಚೂಪು ಗರಿ ಬೆರಳಿಗೆ ಸಿಕ್ಕಿದರೆ ಅವನ ಮುಖ ಕಪ್ಪಿಡುತ್ತಿತ್ತು. ಬೆಳೆಯುವುದನ್ನು ತಡೆಯಲು ಯಾರಿಂದಾದೀತು?

ಕೊನೆಗೆ ಹದಿಮೂರು ಹುಂಜಗಳಾದವು. ಮೈಯಲ್ಲಿ ಕಾಳಗದ ತಾತನ ರಕ್ತ ಬೇರೆ; ಒಂದರ ಕಣ್ಣಿಗೆ ಇನ್ನೊಂದು ಬಿದ್ದರೆ ಕಾಳಗ. ಬುಟ್ಟಿಗಳೆಲ್ಲ ಮುಗಿದ ಮೇಲೆ ಜರಡಿಯಡಿ, ಮುರಿದ ಕುರ್ಚಿಯಡಿ, ನಾನು ಕೂಸಾಗಿದ್ದಾಗ ಮಲಗುತ್ತಿದ್ದ ಹಳೆಯ ತೊಟ್ಟಿಲಡಿ ಅವನ್ನು ಕೂಡಿಹಾಕಿದೆವು. ಎಲ್ಲವೂ ಒಟ್ಟಿಗೆ ಕೂಗಿದರೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಉಳಿದ ಹೇಂಟೆಗಳೋ, ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಟ್ಟವು. ಬೇಕರಿಯವನು ಮೊಟ್ಟೆಗೆ ಬೇರೆಯವರನ್ನು ಗೊತ್ತುಮಾಡಿಕೊಂಡ. ಅಮ್ಮ ಟ್ರೇ ಉಜ್ಜುವುದು ನಿಲ್ಲಲಿಲ್ಲ.

ತಪ್ಪಿದ್ದೆಲ್ಲಿ ಎಂದು ಮಾವನಿಗೆ ತಡವಾಗಿ ಹೊಳೆಯಿತು. ಪಟ್ಟೆಕೋಳಿ ತಾಯಿಯಾದರೆ ಚುಕ್ಕಿಯನ್ನು ಗಂಡುಮಕ್ಕಳಿಗಷ್ಟೇ ಕೊಡುತ್ತಾಳೆ. ಆ ಮಗನೇ ಅಪ್ಪನಾದರೆ ಗಂಡು ಹೆಣ್ಣು ನೋಡದೆ ಕೆಲವರಿಗೆ ಕೊಡುತ್ತಾನೆ, ಕೆಲವರಿಗೆ ಇಲ್ಲ. ಇದನ್ನು ಹೇಳಲು ಮಾವ ಮೂರು ಸಲ ಬಾಯಿ ತೆರೆದು ಮೂರು ಸಲವೂ ನೀರು ಕೇಳಿ ಕುಡಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಮ್ಮನೇ ಬೈಯದಿರುವಾಗ ನಾನು ಹೇಗೆ ಬೈಯಲಿ?

ಅಮ್ಮ ಹಿಂದಿನ ಬೀದಿಯಿಂದ ನಾಲ್ಕು ಮೊಟ್ಟೆ ತಂದು ಕಾವಿಗೆ ಕೂತ ಹೇಂಟೆಯಡಿ ಇಟ್ಟಳು. ಆ ಮನೆಯಲ್ಲಿ ಹುಂಜ ಕೆಂಪು, ಕೋಳಿಗಳೆಲ್ಲ ಪಟ್ಟೆಯವು. ಮಾವನ ಹಳೆಯ, ಎಂದೂ ಸುಳ್ಳಾಗದ ಲೆಕ್ಕ. ಅದನ್ನು ಮಾವನಿಗೂ ತಿಳಿಸಿದ್ದಳು. ಮರಿ ಹುಟ್ಟಿದ ಮರುದಿನ ಒಂದನ್ನು ತಂದು ಅವನ ಅಂಗೈ ಮೇಲಿಟ್ಟಳು.

"ನೀನು ಹೇಳು. ನಾನು ನಂಬ್ತೀನಿ."

ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ನೆತ್ತಿಯ ಚುಕ್ಕಿ ದೂರದಲ್ಲಿದ್ದ ನನಗೇ ಕಾಣುತ್ತಿತ್ತು. ಹುಂಜ, ಅನುಮಾನವೇ ಇಲ್ಲ. ಅವನು ತುಂಬ ಹೊತ್ತು ನೋಡಿ ಮರಿಯನ್ನು ವಾಪಸ್ಸು ಕೊಟ್ಟ.

"ಬೆಳೀಲಿ ಅಕ್ಕ. ಆಮೇಲೆ ನೋಡೋಣ."

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ಅಮ್ಮ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅಂದು ಅತ್ತಳು.