ಸುಚಿತಾಳ ಕಡ್ಲೆ, ಧನ್ಯಶ್ರೀಯ ಜೀರಾ

ಹೊನ್ನಾವರದ ಹತ್ತಿರದ ಕಾಸರಕೋಡಿನ ಸುಚಿತಾಳಿಗೆ ತನ್ನ ವಾರಗಿತ್ತಿ ಧನ್ಯಶ್ರೀಯ ಮೇಲೆ, ಆಕೆ ಮದುವೆಯಾಗಿ ಬಂದ ದಿನದಿಂದಲೂ ಒಂದು ಸಣ್ಣ ಉರಿ ಇತ್ತು. ಅದು ಒಳಗೊಳಗೇ ಹೊಗೆಯಾಡುತ್ತಿತ್ತೇ ಹೊರತು ಹತ್ತಿಕೊಂಡಿರಲಿಲ್ಲ. ಹತ್ತಿಕೊಂಡದ್ದು ಎರಡು ಫೆರೆಟ್ ಮರಿಗಳು ಮನೆಗೆ ಬಂದ ಮೇಲೆ.

ಫೆರೆಟ್ ಎಂದರೆ ನೋಡಲು ಹೆಚ್ಚುಕಡಿಮೆ ಮುಂಗುಸಿಯಂಥ ಪ್ರಾಣಿ. ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಮಸಿ ಬಳಿದ ಹಾಗೆ ಕಪ್ಪು. ಹೊರದೇಶಗಳಲ್ಲಿ ಬೆಕ್ಕು ಸಾಕಿದ ಹಾಗೆ ಸಾಕುತ್ತಾರೆ. ಸುಚಿತಾಳ ಮೈದುನ ವಿನೋದನದು ಭಟ್ಕಳದಲ್ಲಿ ಮೊಬೈಲ್ ಅಂಗಡಿ. ಅವನ ಗಿರಾಕಿಯೊಬ್ಬ ಸಂಸಾರ ಸಮೇತ ದುಬೈಗೆ ಹೊರಟಾಗ ಮನೆಯ ಫೆರೆಟ್ ಹಾಕಿದ್ದ ಎರಡು ಮರಿಗಳನ್ನು ಬುಟ್ಟಿಯಲ್ಲಿಟ್ಟು ವಿನೋದನ ಕೈಗೆ ಕೊಟ್ಟು ಹೋದ. ವಿನೋದ ಒಂದನ್ನು ಹೆಂಡತಿ ಧನ್ಯಶ್ರೀಗೆಂದು ಇಟ್ಟುಕೊಂಡು ಇನ್ನೊಂದನ್ನು ಅತ್ತಿಗೆಯ ಮಡಿಲಿಗೆ ತಂದು ಹಾಕಿದ. ಧನ್ಯಶ್ರೀ ತನ್ನದಕ್ಕೆ ಜೀರಾ ಎಂದು ಹೆಸರಿಟ್ಟಳು. ಸುಚಿತಾ ತನ್ನದನ್ನು ಕಡ್ಲೆ ಎಂದು ಕರೆದಳು. ಕೇರಿಯವರು ಮಾತ್ರ ಅದನ್ನು ದುಬೈ ಮುಂಗುಸಿ ಎಂದೇ ಕರೆದರು.

ಸುಚಿತಾ ಅಂಗನವಾಡಿ ಕಾರ್ಯಕರ್ತೆ. ಕೇರಿಯ ಮಕ್ಕಳನ್ನು ತಕ್ಕಡಿಗೆ ಹಾಕಿ ತೂಗುವುದು, ಮೊಟ್ಟೆ ತಿನ್ನಿಸಿ, ಸೊಪ್ಪು ತಿನ್ನಿಸಿ ಎಂದು ತಾಯಂದಿರಿಗೆ ಹೇಳುವುದು ಅವಳ ದಿನದ ಕೆಲಸ. ಗಂಡ ದಿನೇಶ ಬಂದರಿನಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ಅತ್ತೆ ಗಂಗೆ ಮೀನು ಮಾರಿ ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಈಗ ಮನಸ್ಸು ಬಂದಷ್ಟು ದಿನ ಕಾಸರಕೋಡಿನಲ್ಲಿ, ಬೇಜಾರು ಬಂದಾಗ ಭಟ್ಕಳದಲ್ಲಿ ಇರುತ್ತಿದ್ದಳು. ಭಟ್ಕಳಕ್ಕೆ ಹೋಗಿ ಬಂದಾಗಲೆಲ್ಲ ಅವಳ ಬಾಯಲ್ಲಿ ಧನ್ಯಶ್ರೀಯ ಗುಣಗಾನ. ಧನ್ಯ ಅಂಗಡಿಯ ಲೆಕ್ಕವನ್ನೂ ನೋಡುತ್ತಾಳೆ, ಧನ್ಯನ ಮನೆ ಕನ್ನಡಿಯ ಹಾಗಿದೆ, ಧನ್ಯ ಸಿಟ್ಟು ಮಾಡುವುದೇ ಇಲ್ಲ. ಸುಚಿತಾ ಪಾತ್ರೆ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಪಾತ್ರೆಗಳ ಸದ್ದು ಮಾತ್ರ ಜೋರಾಗುತ್ತಿತ್ತು.

ಮರಿಗಳು ಬಂದು ಎರಡು ತಿಂಗಳಾಗುವಷ್ಟರಲ್ಲಿ ಗಂಗೆಯ ಹಾಡಿಗೆ ಹೊಸದೊಂದು ನುಡಿ ಸೇರಿತು.

"ಧನ್ಯನ ಜೀರಾನ ನೋಡ್ಬೇಕು ನೀನು, ಸುಚಿತಾ. ಎಂತಾ ಹೊಳಪು ಅದರ ಮೈ! ಎಣ್ಣೆ ಹಚ್ಚಿ ಬಾಚಿದ ಹಾಂಗೆ. ಇದು ಯಾಕೆ ಹಿಂಗೆ ಒಣಕಲು?"

ಕಡ್ಲೆ ಒಣಕಲಾಗಿದ್ದದ್ದು ನಿಜ. ಸುಚಿತಾ ಅದಕ್ಕೆ ಹಾಲು-ಅನ್ನ ಕಲಸಿ ಹಾಕುತ್ತಿದ್ದಳು, ಬೆಕ್ಕಿನ ಒಣ ಆಹಾರ ಕೊಡುತ್ತಿದ್ದಳು, ಮನೆಗೆ ತಾರ್ಲೆ ಮೀನು ಬಂದ ದಿನ ಎರಡು ಹಸಿ ತಾರ್ಲೆ ಎಸೆಯುತ್ತಿದ್ದಳು. ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಧನ್ಯಶ್ರೀ ಹಾಕುತ್ತಿದ್ದ ಜೀರಾನ ಫೋಟೋಗಳನ್ನು ಅವಳು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ನೋಡಿದ್ದು ಯಾರಿಗೂ ಗೊತ್ತಾಗಬಾರದೆಂದು ಒಂದು ಹೃದಯದ ಚಿಹ್ನೆಯನ್ನೂ ಒತ್ತುತ್ತಿರಲಿಲ್ಲ. ಒಂದೇ ತಾಯಿಯ ಮರಿಗಳು, ಒಂದೇ ದಿನ ಹುಟ್ಟಿದವು. ಅದು ಹಾಗೆ, ಇದು ಹೀಗೆ. ನೋಡಿದವರು ಪ್ರಾಣಿಗಳನ್ನು ಹೋಲಿಸಿ ಸುಮ್ಮನಾಗುತ್ತಾರೆಯೇ? ಸಾಕಿದವರನ್ನೂ ಹೋಲಿಸುತ್ತಾರೆ ಎಂಬುದೇ ಅವಳ ಸಂಕಟ.

ಕೊನೆಗೆ ತಡೆಯಲಾರದೆ ಒಂದು ದಿನ ಫೋನಿನಲ್ಲಿ ಬೇರೆ ಏನೋ ಮಾತಾಡುತ್ತ ನಡುವೆ ಕೇಳಿದಳು.

"ಎಂತ ಹಾಕ್ತಿ ನೀನು ಜೀರಾಗೆ?"

"ಹಸಿ ಕೋಳಿ ಅಕ್ಕಾ," ಎಂದಳು ಧನ್ಯಶ್ರೀ. "ಅದು ಮಾಂಸ ತಿನ್ನೋ ಪ್ರಾಣಿ ಅಲ್ವಾ. ಅನ್ನ, ಹಾಲು ಅದಕ್ಕೆ ಆಗೂದಿಲ್ಲ."

ಸುಚಿತಾ ಮುಂದೆ ಒಂದು ಮಾತೂ ಕೇಳಲಿಲ್ಲ. ಧನ್ಯಶ್ರೀಯೂ ಹೇಳಲಿಲ್ಲ.

ಮರುದಿನ ಹೊನ್ನಾವರದ ಕೋಳಿ ಅಂಗಡಿಗೆ ಹೋಗಿ ಸುಚಿತಾ ಎದೆಯ ಮಾಂಸವನ್ನೇ ಕೇಳಿ ತಂದಳು. ಒಂದು ಮೂಳೆ ಇಲ್ಲ, ಒಂದು ಚೂರು ಚರ್ಮ ಇಲ್ಲ. ಧನ್ಯ ಸಾಮಾನ್ಯ ಕೋಳಿ ಹಾಕಿದರೆ ತಾನು ಅದರಲ್ಲೇ ಒಳ್ಳೆಯದನ್ನು ಹಾಕುವುದೆಂದು ಅವಳ ಹಟ. ಕಡ್ಲೆ ಮೂಸಿ ನೋಡಿ ಮುಖ ತಿರುಗಿಸಿತು. ಮರಿಯಲ್ಲಿ ಯಾವ ರುಚಿ ಅಭ್ಯಾಸವಾಯಿತೋ ಫೆರೆಟ್‌ಗೆ ಅದೇ ಊಟ, ಉಳಿದದ್ದು ಊಟವೇ ಅಲ್ಲ. ಸುಚಿತಾ ಬಿಡಲಿಲ್ಲ. ಮಾಂಸವನ್ನು ಬಿಸಿನೀರಿನ ಬಟ್ಟಲ ಮೇಲಿಟ್ಟು ಬೆಚ್ಚಗೆ ಮಾಡಿದಳು, ಚಿಕ್ಕದಾಗಿ ಹೆಚ್ಚಿ ಬೆರಳ ತುದಿಯಿಂದ ಅದರ ಹಲ್ಲಿಗೆ ಸವರಿದಳು. ಕಚ್ಚಿಸಿಕೊಂಡಳು. ವಾರದೊಳಗೆ ಕಡ್ಲೆ ಬಟ್ಟಲು ಕಂಡರೆ ಓಡಿಬರುವಂತಾಯಿತು. ಮೈಗೆ ಹೊಳಪೂ ಬಂತು. ಸುಚಿತಾ ಅದನ್ನು ಬಿಸಿಲಲ್ಲಿ ಕೂರಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದಳು. "ಚೆಂದ ಆಗಿದೆ ಅಕ್ಕಾ" ಎಂದು ಧನ್ಯಶ್ರೀ ಬರೆದಳು. ಆ ರಾತ್ರಿ ಸುಚಿತಾಳಿಗೆ ಒಳ್ಳೆಯ ನಿದ್ದೆ.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಮೊದಲು ಕಡ್ಲೆ ಮಂಚ ಹತ್ತುವುದನ್ನು ಬಿಟ್ಟಿತು. ಆಮೇಲೆ ಆಟದ ನಡುವೆ ಕೂತುಬಿಡತೊಡಗಿತು. ಒಂದು ಬೆಳಿಗ್ಗೆ ಹಿಂಗಾಲುಗಳನ್ನು ನೆಲದ ಮೇಲೆ ಎಳೆದುಕೊಂಡು ಬಟ್ಟಲಿನ ಹತ್ತಿರ ಬಂತು. ಎತ್ತಿಕೊಳ್ಳಲು ಹೋದರೆ ನೋವಿನಿಂದ ಕೀರಲು ದನಿ ತೆಗೆಯಿತು.

"ಧನ್ಯಂಗೊಂದು ಫೋನ್ ಮಾಡು," ಎಂದ ದಿನೇಶ. "ಅವಳಿಗೆ ಗೊತ್ತಿರ್ತದೆ."

"ಅವಳಿಗೆ ಎಲ್ಲಾ ಗೊತ್ತು. ನಂಗೆ ಎಂತದೂ ಗೊತ್ತಿಲ್ಲ ಅಲ್ವಾ?"

"ನಾ ಎಂತ ಹೇಳ್ದೆ ಈಗ?"

"ಎಂತದೂ ಹೇಳೂದು ಬೇಡ."

ಅದೇ ದಿನ ಧನ್ಯಶ್ರೀ ಗುಂಪಿನಲ್ಲಿ ಕಡ್ಲೆ ಹೇಗಿದೆ ಎಂದು ಕೇಳಿದಳು. ಸುಚಿತಾ ಹಳೆಯ ಫೋಟೋ ಒಂದನ್ನು ಹುಡುಕಿ ಕಳಿಸಿದಳು. ಕಳಿಸಿದ ಮೇಲೆ ಅಡುಗೆಮನೆಯ ನೆಲದಲ್ಲಿ ಮಲಗಿದ್ದ ಪ್ರಾಣಿಯ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಮರುದಿನ ರಜೆ ಹಾಕಿ ಕಡ್ಲೆಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಕುಮಟಾದ ಬಸ್ಸು ಹತ್ತಿದಳು. ಅಲ್ಲಿ ಸಾಕುಪ್ರಾಣಿಗಳನ್ನು ನೋಡುವ ವಿಘ್ನೇಶ್ವರ ಎಂಬ ಡಾಕ್ಟರು ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು.

"ಮೂಳೆ ಕಾಗದದ ಹಾಂಗಾಗಿದೆ. ಎಂತ ಹಾಕ್ತೀರಿ?"

"ಹಸಿ ಕೋಳಿ. ಒಳ್ಳೇ ಎದೆ ಮಾಂಸವೇ."

"ಅಷ್ಟೇನಾ? ಮೂಳೆ? ಲಿವರ್?"

ಸುಚಿತಾ ಇಲ್ಲವೆಂದು ತಲೆಯಾಡಿಸಿದಳು.

"ಬರೀ ಮಾಂಸದಲ್ಲಿ ಸುಣ್ಣದ ಅಂಶ ಇಲ್ಲಮ್ಮಾ. ಬೆಳೆಯೋ ಮರಿ, ಬೇಕಾದ್ದು ಸಿಗದಿದ್ರೆ ತನ್ನ ಮೂಳೆಯಿಂದಲೇ ತಕ್ಕೊಳ್ತದೆ. ಕಾಡಿನ ಪ್ರಾಣಿ ಇಲಿ ಹಿಡಿದ್ರೆ ಎದೆ ಮಾತ್ರ ತಿಂದು ಬಿಡ್ತದಾ? ಮೂಳೆ, ಗುಂಡಿಗೆ, ಲಿವರ್, ಎಲ್ಲಾ ಸೇರಿದ್ರೇ ಊಟ." ಅವರು ಔಷಧಿ ಬರೆದರು. ಸಣ್ಣ ಗೂಡಿನಲ್ಲಿಡಬೇಕು, ಹಾರಲು ಬಿಡಬಾರದು, ಹಸಿ ಮೀನು ದಿನವೂ ಹಾಕಬಾರದು ಎಂದರು. ಆಮೇಲೆ, "ನಂಗೆ ಗೊತ್ತಿದ್ದ ಹಾಂಗೆ ಈ ಕಡೆ ಇಂಥದ್ದು ಇನ್ನೊಂದೇ ಇರೂದು. ಭಟ್ಕಳದ ಒಬ್ರು ತರ್ತಾರೆ. ಎಷ್ಟು ಚೆಂದ ಸಾಕಿದ್ದಾರೆ ಗೊತ್ತುಂಟಾ? ಅವರ ಹತ್ರ ಒಮ್ಮೆ ಕೇಳಿ," ಎಂದರು.

ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಪೌಷ್ಟಿಕ ಆಹಾರದ ಪಾಠ ಹೇಳುವವಳು, ತನ್ನ ಮನೆಯ ಮರಿಯ ಮೂಳೆಯನ್ನು ಕೈಯಾರೆ ಕರಗಿಸಿದ್ದಳು. ಅದರ ಮೇಲೆ ಈ ಡಾಕ್ಟರ ಬಾಯಲ್ಲೂ ಧನ್ಯಶ್ರೀ! ಬಸ್‌ಸ್ಟ್ಯಾಂಡಿನಲ್ಲಿ ಕೂತು ಸುಚಿತಾ ಅತ್ತಳು. ದುಃಖಕ್ಕೋ ಹೊಟ್ಟೆಕಿಚ್ಚಿಗೋ ಅವಳಿಗೇ ಗೊತ್ತಾಗಲಿಲ್ಲ. ಚೀಲದೊಳಗಿಂದ ಕಡ್ಲೆ ಮೂತಿ ಹೊರಹಾಕಿ ಅವಳ ಹೆಬ್ಬೆರಳು ನೆಕ್ಕಿತು. ಅವಳು ಎದ್ದು ಭಟ್ಕಳದ ಬಸ್ಸು ಹತ್ತಿದಳು. ದಾರಿಯಲ್ಲಿ ಕಾಸರಕೋಡು ಬಂದಾಗ ಇಳಿಯಲಿಲ್ಲ.

ಧನ್ಯಶ್ರೀ ಬಾಗಿಲು ತೆರೆದು ಚೀಲದೊಳಗೆ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಕರೆದು, ಜೀರಾನ ಗೂಡು ಖಾಲಿ ಮಾಡಿ ಮೆತ್ತನೆಯ ಬಟ್ಟೆ ಹಾಸಿ ಕಡ್ಲೆಯನ್ನು ಮಲಗಿಸಿದಳು. ನಂತರ ಫ್ರಿಜ್ಜಿನಿಂದ ಡಬ್ಬಿಗಳನ್ನು ತೆಗೆದಳು. ಕೋಳಿಯ ತೊಡೆಯ ಮಾಂಸ, ಗುಂಡಿಗೆ, ಕೊಚ್ಚಿದ ಎಳೆಯ ಕತ್ತಿನ ಮೂಳೆ, ಬೆರಳಿನುದ್ದ ಲಿವರ್, ಆಡಿನ ಕಿಡ್ನಿಯ ಚೂರು.

"ಮಾಂಸ, ಗುಂಡಿಗೆ ಹೆಚ್ಚಿಗೆ ಅಕ್ಕಾ. ಹತ್ತರಲ್ಲಿ ಒಂದು ಪಾಲು ಮೂಳೆ, ಬೇಯಿಸಬಾರದು, ಬೇಯಿಸಿದ್ರೆ ಸೀಳಿ ಹೊಟ್ಟೆಗೆ ಚುಚ್ತದೆ. ಇನ್ನೊಂದು ಪಾಲಲ್ಲಿ ಅರ್ಧ ಲಿವರ್, ಅರ್ಧ ಕಿಡ್ನಿ. ಲಿವರ್ ಜಾಸ್ತಿ ಆದ್ರೂ ಕೆಡ್ಕೇ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಕೈದು ಸಲ."

ಸುಚಿತಾ ಅವಳ ಕೈಗಳನ್ನೇ ನೋಡುತ್ತಿದ್ದಳು.

"ಇದೆಲ್ಲಾ ಗೊತ್ತಿತ್ತು ನಿಂಗೆ. ಆವತ್ತು ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಕೇಳ್ಲಿಲ್ಲ. ನೀ ಯಾಕೆ ಹೇಳ್ಲಿಲ್ಲ?"

ಲಿವರ್ ಹೆಚ್ಚುತ್ತಿದ್ದ ಧನ್ಯಶ್ರೀಯ ಚಾಕು ನಿಂತಿತು. ಅವಳು ತಲೆಯೆತ್ತಲಿಲ್ಲ.

"ಹೇಳೂದಿತ್ತು. ಬಾಯಿಗೆ ಬಂದಿತ್ತು. ಆದ್ರೆ ಅತ್ತೆ ಇಲ್ಲಿ ಬಂದಾಗೆಲ್ಲಾ ಸುಚಿತಾನ ಸಾರು, ಸುಚಿತಾನ ನೌಕ್ರಿ, ಕೇರಿಯವ್ರೆಲ್ಲಾ ಟೀಚರ್ ಟೀಚರ್ ಹೇಳ್ತ್ರು, ಇದೇ. ನಾ ಎಂತ ಮಾಡಿದ್ರೂ ನಿಮ್ಮ ಹಾಂಗೆ ಆಗೂದಿಲ್ಲ. ಇದೊಂದಾದ್ರೂ ನಂದೇ ಇರ್ಲಿ ಅಂತ ಸುಮ್ಮನಾದೆ. ಹಿಂಗಾಗ್ತದೆ ಅಂತ ಗೊತ್ತಿರ್ಲಿಲ್ಲ ಅಕ್ಕಾ. ದೇವರಾಣೆ."

ಸುಚಿತಾಳಿಗೆ ಒಂದು ಗಳಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಮರುಗಳಿಗೆ, ಈ ಕನ್ನಡಿಯಂಥ ಮನೆಯಲ್ಲಿ ಕೂತು ಇವಳು ತನ್ನ ಮೇಲೆ ಉರಿದುಕೊಳ್ಳುತ್ತಿದ್ದಳೆಂಬುದನ್ನು ನೆನೆದು ನಾಚಿಕೆಯಾಗುವಷ್ಟು ಖುಷಿಯಾಯಿತು. ಖುಷಿಯ ಹಿಂದೆಯೇ ಗೂಡಿನಿಂದ ಕಡ್ಲೆಯ ಕೀರಲು ದನಿ ಕೇಳಿಸಿತು.

"ಅತ್ತೆ ಅಲ್ಲಿ ನಿನ್ನ ಹೊಗಳ್ತದೆ," ಎಂದಳು ಸುಚಿತಾ ಕಡೆಗೆ.

"ಎಂತ?"

"ನೀ ಸಿಟ್ಟೇ ಮಾಡೂದಿಲ್ಲವಂತೆ."

ಧನ್ಯಶ್ರೀ ಒಮ್ಮೆಲೇ ನಕ್ಕಳು. ಸುಚಿತಾಳಿಗೆ ನಗು ಬರಲಿಲ್ಲ, ಆದರೆ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ಕಡ್ಲೆಗೆ ತಾನೇ ತಿನ್ನಿಸಿದಳು.

ಹಗಲೆಲ್ಲ ಅಂಗನವಾಡಿಯಲ್ಲಿರುವವಳಿಗೆ ಅಷ್ಟು ಸಲ ಉಣಿಸುವುದು ಆಗದ ಮಾತು. ವಾಸಿಯಾಗುವ ತನಕ ಕಡ್ಲೆ ಭಟ್ಕಳದಲ್ಲೇ ಇರುವುದೆಂದು ಆಯಿತು. ಸುಚಿತಾ ಖಾಲಿ ಚೀಲ ಹಿಡಿದು ಮನೆಗೆ ಬಂದಳು. ಮಳೆಗಾಲ ಮುಗಿಯುವವರೆಗೂ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ಬಂದಳು. ಒಂದು ವಾರ ಕಡ್ಲೆ ಎದ್ದು ನಿಂತಿತ್ತು, ಮತ್ತೊಂದು ವಾರ ಜೀರಾನ ಬಾಲ ಕಚ್ಚಿ ಎಳೆದಾಡುತ್ತಿತ್ತು. ಪ್ರತಿ ಸಲ ಅವಳಿಗೆ ಸಮಾಧಾನವಾಗುತ್ತಿತ್ತು. ತನ್ನ ಕೈಯಲ್ಲಿ ಕೆಟ್ಟದ್ದು ಇವಳ ಕೈಯಲ್ಲಿ ಚಿಗುರುತ್ತಿದೆಯಲ್ಲ ಎಂದು ಪ್ರತಿ ಸಲ ಹೊಟ್ಟೆಯೂ ಉರಿಯುತ್ತಿತ್ತು. ಹಾಗೆಂದು ಹೋಗುವುದನ್ನು ನಿಲ್ಲಿಸಲಿಲ್ಲ.

ಕಡ್ಲೆ ಮನೆಗೆ ಬಂತು. ಎಡಗಾಲು ತುಸು ಸೊಟ್ಟವೇ ಉಳಿಯಿತು. ಸುಚಿತಾ ಬೆಳಿಗ್ಗೆ ಬೇಗ ಎದ್ದು ಕತ್ತಿನ ಮೂಳೆ ಕೊಚ್ಚಿ ಡಬ್ಬಿ ತುಂಬಿಡುತ್ತಾಳೆ. ಮಧ್ಯಾಹ್ನದ ಪಾಲನ್ನು ದಿನೇಶ ಬಂದರಿನಿಂದ ಬಂದು ಹಾಕುತ್ತಾನೆ.

ಆಚೆ ವಾರ ಧನ್ಯಶ್ರೀ ಕಾಸರಕೋಡಿಗೆ ಬಂದಿದ್ದಳು. ಅವಳ ದನಿ ಕೇಳಿದ್ದೇ ತಡ, ಕಡ್ಲೆ ಸೊಟ್ಟಗಾಲಿನಲ್ಲೇ ಓಡಿಹೋಗಿ ಅವಳ ತೋಳು ಹತ್ತಿ, ಕೊರಳ ಸುತ್ತ ಸುತ್ತಿಕೊಂಡು ಕಣ್ಣು ಮುಚ್ಚಿತು. ಗಂಗೆ ಜಗಲಿಯಿಂದ, "ನೋಡು, ಹೆತ್ತ ತಾಯಿ ಸಿಕ್ಕಿದ ಹಾಂಗೆ ಮಾಡ್ತದೆ!" ಎಂದಳು. ಸುಚಿತಾಳ ಮುಖ ಕಪ್ಪಿಟ್ಟಿತು. ಧನ್ಯಶ್ರೀ ಅದನ್ನು ಕಂಡಳು. ಕೊರಳಿನಿಂದ ಕಡ್ಲೆಯನ್ನು ಬಿಡಿಸಿ, "ಹಸಿವಾಗಿದೆ ಕಾಣ್ತದೆ ಅಕ್ಕಾ," ಎಂದು ಅವಳತ್ತ ಚಾಚಿದಳು.

"ಆತು, ಕೊಡು ಇಲ್ಲಿ," ಎಂದಳು ಸುಚಿತಾ.